ಕಡತದಿಂದ ಕಂಪ್ಯೂಟರಿನವರೆಗೆ: ನಾವು ಒಕ್ಕಣೆ ಕಲಿತ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಅಧ್ಯಕ್ಷರು ಹೇಳಿದರು. ಹಸು, ಹಿಂಡಿ, ಮೇವಿನ ಬಗ್ಗೆ ಬರೆಯಲು ನಮಗಿಂತ ತಿಳಿದವರಿದ್ದಾರೆ. ಆದ್ದರಿಂದ ನಾವು ಬರವಣಿಗೆಯ ಬಗ್ಗೆಯೇ ನಾಲ್ಕು ಮಾತು ಬರೆಯುತ್ತಿದ್ದೇವೆ. ಕಥೆ ಕವನದ ಬರವಣಿಗೆಯಲ್ಲ. ಅರ್ಜಿ, ರಸೀದಿ, ನಡವಳಿ, ಲೆಕ್ಕಪತ್ರ, ಅಂದರೆ ವ್ಯವಹಾರದ ಬರವಣಿಗೆ. ಇದನ್ನು ನಮ್ಮ ಹಿರಿಯರು ‘ಒಕ್ಕಣೆ’ ಅನ್ನುತ್ತಿದ್ದರು.

ಹಿಂದೆ ನಮ್ಮ ಸೀಮೆಯಲ್ಲಿ ವ್ಯವಹಾರದ ಲೆಕ್ಕ ಬರೆಯುತ್ತಿದ್ದುದು ಕಡತದ ಮೇಲೆ. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಿಳಿ ಬಳಪದಲ್ಲಿ ಬರೆಯುವುದು, ಬೇಡವಾದರೆ ಅಳಿಸುವುದು. ಇಂಗ್ಲಿಷರ ಅಧಿಕಾರಿ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಪುಸ್ತಕದಲ್ಲಿ ಇದನ್ನು ವರ್ಣಿಸಿದ್ದಾನೆ. ಬಟ್ಟೆ ಹೋಯಿತು, ಕಾಗದ ಬಂತು, ಹೆಸರು ಮಾತ್ರ ಉಳಿಯಿತು. ಈಗಲೂ ಕಚೇರಿಯ ಫೈಲಿಗೆ ನಾವು ಕಡತ ಅಂತಲೇ ಕರೆಯುವುದು. ಜಗಳದಲ್ಲಿ ‘ಹಳೇ ಕಡತ ಬಿಚ್ಚಬೇಡ’ ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು.

ಇದನ್ನು ಕಲಿಸುತ್ತಿದ್ದುದು ಕೂಲಿಮಠದಲ್ಲಿ. ಊರವರು ಕೊಟ್ಟ ದವಸಧಾನ್ಯದಲ್ಲಿ ಐಗಳು ಜೀವನ ಮಾಡುತ್ತಿದ್ದರು. ಮಕ್ಕಳು ಮೊದಲು ಮರಳಿನ ಮೇಲೆ ಅಕ್ಷರ ತಿದ್ದಬೇಕು, ಆಮೇಲೆ ಮಗ್ಗಿ, ಲೆಕ್ಕ, ಕಾಗದ ಪತ್ರದ ಒಕ್ಕಣೆ. ಯಾರಿಗೆ ಬರೆದರೆ ಹೇಗೆ ಆರಂಭಿಸಬೇಕು, ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ‘ಉಭಯ ಕುಶಲೋಪರಿ ಸಾಂಪ್ರತ’ ಆದಮೇಲೆ ವಿಷಯ. ಆದರೆ ಆ ಮಠದ ಜಗುಲಿ ಹತ್ತಿದವರು ಎಷ್ಟು ಜನ? ರೈತಾಪಿ ಮಕ್ಕಳಲ್ಲಿ ಕೆಲವರು ಮಾತ್ರ. ಹೆಣ್ಣುಮಕ್ಕಳು ಬಹಳ ಕಡಿಮೆ. ಹೊಲಗೇರಿ, ಮಾದಿಗೇರಿಯ ಮಕ್ಕಳಿಗಂತೂ ಬಾಗಿಲೇ ಇರಲಿಲ್ಲ. ಇದನ್ನು ಮುಚ್ಚಿಡಬಾರದು.

ಹೀಗಾಗಿ ಊರಿಗೆಲ್ಲಾ ಬರೆಯುವ ಕೈ ಒಂದೋ ಎರಡೋ. ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಹತ್ತಿರ. ಅವರಲ್ಲಿ ಧರ್ಮವಂತರೂ ಇದ್ದರು, ಇಲ್ಲದವರೂ ಇದ್ದರು. ದೋಷ ಒಬ್ಬ ವ್ಯಕ್ತಿಯದಲ್ಲ. ಒಬ್ಬರು ಬರೆದು, ಇನ್ನೊಬ್ಬರು ಓದಲಾಗದೆ ಹೆಬ್ಬೆಟ್ಟು ಒತ್ತುವ ಪದ್ಧತಿಯದು. ‘ಬರೆಸಿಕೊಟ್ಟ ಪತ್ರದ ಕ್ರಮವೇನೆಂದರೆ’ ಅಂತ ಆರಂಭವಾದ ಕಾಗದದಲ್ಲಿ ಮುಂದೆ ಏನಿದೆ ಎಂದು ಒತ್ತಿದವನಿಗೇ ಗೊತ್ತಿರುತ್ತಿರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯ್ದೆಯಿಂದ ರದ್ದಾದವು. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಹೆಬ್ಬೆಟ್ಟು ಸಹಿಯಾಗಲಿಲ್ಲ.

ಇದಕ್ಕೆ ಉತ್ತರವಾಗಿ ಬಂದ ದಾರಿಗಳಲ್ಲಿ ಸಹಕಾರವೂ ಒಂದು ಎಂದು ನಾವು ಹೇಳಲು ಬಯಸುತ್ತೇವೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ 28 ಜನ ದುಡಿಯುವವರು ಸೇರಿ ಒಂದು ಅಂಗಡಿ ತೆರೆದರು. ಮುಂದೆ ಅವರು ಲಾಭದಲ್ಲಿ ಒಂದು ಪಾಲನ್ನು ಸದಸ್ಯರ ವಿದ್ಯಾಭ್ಯಾಸಕ್ಕೆ, ಪುಸ್ತಕಾಲಯಕ್ಕೆ ಎತ್ತಿಟ್ಟರು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮಾರನೆಯ ವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಸಂಘಗಳ ಕಾನೂನು ಮಾಡಿತು. ಈಗ ನಾವು ನಡೆಯುತ್ತಿರುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ.

ಈ ಎಲ್ಲ ಕಾನೂನುಗಳ ಹಿಂದೆ ಒಂದು ಸರಳ ನಿಯಮವಿದೆ. ದುಡ್ಡು ಎಲ್ಲರದು, ಆದ್ದರಿಂದ ಲೆಕ್ಕವೂ ಎಲ್ಲರ ಮುಂದೆ. ಸಭೆಗೆ ಮೊದಲು ಸೂಚನಾ ಪತ್ರ ಕೊಡಬೇಕು. ಸಭೆಯಲ್ಲಿ ಆದದ್ದನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಸಭೆಯಲ್ಲಿ ಅದನ್ನು ಓದಿ ದೃಢೀಕರಿಸಬೇಕು. ಜಮಾ-ಖರ್ಚು ಮಹಾಸಭೆಯ ಮುಂದೆ ಇಡಬೇಕು. ಶಾನುಭೋಗರ ಕಡತ ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ಸಂಘದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ಓದು ಬಾರದವರೂ ಕೇಳಿ ‘ಅದು ಹಂಗಲ್ಲ’ ಅನ್ನಬಹುದು. ದೊಡ್ಡ ವ್ಯತ್ಯಾಸ ಇದೇ.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿ ಯೋಜನೆ ಬಂದು, ಗುಜರಾತಿನ ಆಣಂದ್ ಮಾದರಿಯಲ್ಲಿ ಹಳ್ಳಿಹಳ್ಳಿಗೆ ಹಾಲಿನ ಸಂಘಗಳಾದವು. ಜೊತೆಗೆ ಪಾಸ್ ಪುಸ್ತಕವೂ ಬಂತು. ಹೊತ್ತಿಗೆ ಎಷ್ಟು ಲೀಟರ್, ಜಿಡ್ಡು ಎಷ್ಟು ಎಂಬುದನ್ನು ನಮ್ಮ ತಾಯಂದಿರು ದಿನಕ್ಕೆರಡು ಸಲ ನೋಡತೊಡಗಿದರು. ಅಕ್ಷರ ಬಾರದಿದ್ದರೂ ಅಂಕಿ ಗುರುತು ಹಿಡಿಯಲು ಕಲಿತರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ, ತೊಂಬತ್ತರ ದಶಕದಲ್ಲಿ ರಾತ್ರಿ ಲಾಟೀನು ಹಿಡಿದು ಸಹಿ ಕಲಿತವರು ನಮ್ಮ ಸದಸ್ಯರಲ್ಲಿ ಈಗಲೂ ಇದ್ದಾರೆ.

ಇನ್ನು ನಮ್ಮ ಸಂಘದ ಮಾತು. ಈ ಸಂಚಿಕೆಗಾಗಿ ಮೊದಲ ನಡವಳಿ ಪುಸ್ತಕವನ್ನು ತೆಗೆದು ನೋಡಿದೆವು. ಪುಟ ಪುಟಕ್ಕೂ ‘ಕೂಲಂಕಷವಾಗಿ ಚರ್ಚಿಸಲಾಯಿತು’ ಎಂದಿದೆ. ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಎಷ್ಟು ಹಣ, ಯಾವ ದಿನದೊಳಗೆ ಎಂಬುದು ಇಲ್ಲ. ಓದಿ ನಮಗೇ ನಗು ಬಂತು. ನಗುವ ವಿಷಯವಲ್ಲದ ಒಂದು ಘಟನೆಯೂ ಇದೆ.

ನಾವು ನಿರ್ದೇಶಕರಾದ ಹೊಸತರಲ್ಲಿ ಸದಸ್ಯೆ ಒಬ್ಬರ ಹಸು ಸತ್ತಿತು. ವಿಮೆ ಇತ್ತು. ಅವರಿಗೆ ಓದು ಬಾರದು, ಕಾಗದ ಬರೆದುಕೊಟ್ಟವರು ನಾವೇ. ಎಸ್ಸೆಸ್ಸೆಲ್ಸಿಯಲ್ಲಿ ಪತ್ರಲೇಖನ ಬಾಯಿಪಾಠ ಮಾಡಿದ್ದ ಧೈರ್ಯ. ಬಡ ಕುಟುಂಬ, ಒಂದೇ ಹಸು, ದಯವಿಟ್ಟು ಕರುಣೆ ತೋರಬೇಕೆಂದು ಒಂದು ಪುಟ ತುಂಬಿಸಿದೆವು. ಕಿವಿಯೋಲೆಯ ನಂಬರ್ ಬರೆಯಲಿಲ್ಲ. ಸತ್ತ ತಾರೀಖು ಬರೆಯಲಿಲ್ಲ. ನಕಲನ್ನೂ ಇಟ್ಟುಕೊಳ್ಳಲಿಲ್ಲ. ಕಾಗದ ವಾಪಸ್ಸು ಬಂತು. ತಿದ್ದಿ ಕಳಿಸುವ ಹೊತ್ತಿಗೆ ಗಡುವು ಮೀರಿತ್ತು. ಹಣ ಬರಲಿಲ್ಲ, ಅವರು ಕರುವನ್ನೂ ಮಾರಿದರು. “ನಂಗೆ ಓದಾಕೆ ಬರಾಕಿಲ್ಲ ಕಣಪ್ಪ, ನಿಮಗೆ ಬರ್ತದಲ್ಲಾ ಅಂತ ನಂಬಿದ್ದೆ” ಎಂದರು. ಬೈದಿದ್ದರೆ ಮರೆಯುತ್ತಿದ್ದೆವೇನೋ. ಈ ಮಾತನ್ನು ಮರೆಯಲು ಆಗಲಿಲ್ಲ.

ಆ ಪಾಠದಿಂದಲೇ ನಾವು ಬೇಸಿಗೆ ರಜೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳನ್ನು ಸಂಘದ ಕಟ್ಟಡದಲ್ಲಿ ಕೂರಿಸಿ ಒಕ್ಕಣೆ ಕಲಿಸಲು ಶುರು ಮಾಡಿದೆವು. ಕಾರ್ಯದರ್ಶಿಗಳು ರಸೀದಿ, ವೋಚರ್, ನಗದು ಪುಸ್ತಕ ತೋರಿಸುತ್ತಾರೆ. ಶಾಲೆಯ ಮೇಷ್ಟ್ರು ಭಾಷೆ ತಿದ್ದುತ್ತಾರೆ. ಅರ್ಜಿಯಲ್ಲಿ ಯಾರಿಂದ, ಯಾರಿಗೆ, ದಿನಾಂಕ, ವಿಷಯ ಇರಬೇಕು. ಮೊದಲ ಎರಡು ಸಾಲಿನಲ್ಲೇ ನಮಗೆ ಏನು ಆಗಬೇಕು ಎಂಬುದು ಬರಬೇಕು. ಲಗತ್ತಿಸಿದ ಕಾಗದಗಳ ಪಟ್ಟಿ ಬೇಕು. ಕೊಟ್ಟ ಮೇಲೆ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬರಬೇಕು. ಇಷ್ಟನ್ನು ಬರೆಸಿ, ಒಬ್ಬರ ಅರ್ಜಿಯನ್ನು ಮತ್ತೊಬ್ಬರ ಕೈಗೆ ಕೊಡುತ್ತೇವೆ. ಓದಿದ ಮಗು ಎದ್ದು ಬಂದು ಏನಾದರೂ ಕೇಳುವ ಹಾಗಿದ್ದರೆ ಅರ್ಜಿ ಇನ್ನೂ ಆಗಿಲ್ಲ ಅಂತ ಲೆಕ್ಕ. ಮಕ್ಕಳಿಂದಲೇ ಸಭೆಯೂ ಮಾಡಿಸುತ್ತೇವೆ. ಆಗ ‘ಚರ್ಚಿಸಲಾಯಿತು’ ಎಂದು ಬರೆದವರಿಗೆ ಮಾರ್ಕ್ಸ್ ಇಲ್ಲ!

ಕಾನೂನೂ ಈಗ ಚುಟುಕಾಗಿ ಬರೆಯಿರಿ ಅನ್ನುತ್ತದೆ. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ನಮ್ಮ ರಾಜ್ಯದ 2008ರ ತಿದ್ದುಪಡಿ ನಿಯಮವು ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಎಂದಿತು. ಜನರ ಕೈ ಕಟ್ಟಿದಂತಾಯಿತು ಎಂದು ಆಕ್ಷೇಪಿಸಿದವರೂ ಇದ್ದರು. ಆ ಚರ್ಚೆ ಏನೇ ಇರಲಿ, 150 ಪದದೊಳಗೆ ತನ್ನ ಪ್ರಶ್ನೆಯನ್ನು ಖಡಕ್ಕಾಗಿ ಕೇಳಬಲ್ಲ ಹುಡುಗಿ ಯಾವ ಕಚೇರಿಯ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. 1963ರಲ್ಲೇ ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿರುವಾಗ, ಇಂಗ್ಲಿಷ್ ಬಾರದು ಎಂಬ ಅಂಜಿಕೆಯೂ ಬೇಡ.

‘ಈಗೆಲ್ಲಾ ಕಂಪ್ಯೂಟರ್, ಮೊಬೈಲು ಬಂದಿದೆಯಲ್ಲ, ಬರವಣಿಗೆ ಯಾಕೆ?’ ಎಂದು ಕೆಲವು ಯುವಕರು ಕೇಳುತ್ತಾರೆ. ಹಾಲು ಹಾಕಿದ ಕೂಡಲೇ ಚೀಟಿ ಬರುತ್ತದೆ, ನಿಜ. ಆದರೆ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ ಮುಂದೆ 5 ರೂಪಾಯಿಯಾದ ಸರ್ಕಾರದ ಪ್ರೋತ್ಸಾಹಧನ, ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಒಂದು ಹೆಸರು ಇದ್ದರೆ ನಿಂತುಹೋಗುತ್ತದೆ. ಅದನ್ನು ಸರಿಪಡಿಸಲು ಮತ್ತೆ ಅರ್ಜಿಯೇ ಬೇಕು. ಕಂಪ್ಯೂಟರು ನಾವು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ, ಬಿಟ್ಟದ್ದನ್ನು ಹುಡುಕಿಕೊಡುವುದಿಲ್ಲ. ಓದಲು ಬಾರದ ಹೆಬ್ಬೆಟ್ಟು ಹಿಂದೆ ಕಾಗದದ ಮೇಲೆ ಬೀಳುತ್ತಿತ್ತು, ಈಗ ಗಾಜಿನ ಯಂತ್ರದ ಮೇಲೆ ಬೀಳುತ್ತದೆ ಅಷ್ಟೇ ಆದರೆ ನಾವೇನು ಮುಂದೆ ಬಂದ ಹಾಗಾಯಿತು?

ಆದುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಬೇಸಿಗೆಯಲ್ಲಿ ನಿಮ್ಮ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಒಕ್ಕಣೆ ತರಗತಿಗೆ ತಪ್ಪದೆ ಕಳಿಸಿ. ಸಹಕಾರ ಶಿಕ್ಷಣ ನಿಧಿಗೆ ಸಂಘದ ಲಾಭದಿಂದ ಪಾಲು ಹೋಗುವಾಗ ಅದು ದಂಡದ ಖರ್ಚು ಅನ್ನಬೇಡಿ. ಮಹಾಸಭೆಗೆ ಬಂದು, ಊಟಕ್ಕೆ ಮೊದಲು ನಡವಳಿ ಓದುವಾಗ ಕಿವಿಗೊಟ್ಟು ಕೇಳಿ. ತಪ್ಪಿದ್ದರೆ ಅಲ್ಲೇ ಹೇಳಿ, ಬರೆಸಿ.

ಹಸು ಕಳೆದುಕೊಂಡ ಆ ತಾಯಿಯ ಮೊಮ್ಮಗಳು ಹೋದ ವರ್ಷ ನಮ್ಮ ತರಗತಿಯಲ್ಲಿ ಕೂತಿದ್ದಳು. ಅವಳು ಬರೆದ ಮೊದಲ ಅರ್ಜಿಯಲ್ಲಿ ಕಿವಿಯೋಲೆಯ ನಂಬರ್ ಇತ್ತು, ತಾರೀಖು ಇತ್ತು, ನಕಲೂ ಇತ್ತು. ಇಪ್ಪತ್ತೈದು ವರ್ಷದಲ್ಲಿ ಸಂಘ ಏನು ಮಾಡಿತು ಎಂದು ಕೇಳುವವರಿಗೆ, ಲೀಟರಿನ ಲೆಕ್ಕದ ಜೊತೆಗೆ ಇದನ್ನೂ ತೋರಿಸಬಹುದು.

ಜೈ ಸಹಕಾರ! ಜೈ ಕರ್ನಾಟಕ!

— ಸಂಘದ ಒಬ್ಬ ನಿರ್ದೇಶಕ