ಸೈಕಲ್ ಏರಿದ ಟೆರಿಕಾಟ್

ಬೆಂಗಳೂರಿನಲ್ಲಿ ಎಂಬಿಎ ಓದುತ್ತಿರುವ ಅಕ್ಕನ ಮಗ ಕಳೆದ ಬೇಸಿಗೆಯಲ್ಲಿ ಉಬ್ರಾಣಿಗೆ ಬಂದಾಗ ಒಂದು ಪ್ರಶ್ನಾವಳಿ ಹಿಡಿದುಕೊಂಡು ಬಂದಿದ್ದ. ಸೈಕಲ್ ಸವಾರರು ಎಂಥ ಉಡುಪು ಬಯಸುತ್ತಾರೆ ಎಂಬ ಗ್ರಾಹಕ ಸಮೀಕ್ಷೆ. ಜೆರ್ಸಿ ಬೆವರನ್ನು ಹೊರಹಾಕಬೇಕೇ, ಬೇಗ ಒಣಗಬೇಕೇ, ಹಗುರವಾಗಿರಬೇಕೇ, ಒಂದರಿಂದ ಐದರವರೆಗೆ ಅಂಕ ಕೊಡಿ. ನಮ್ಮೂರಲ್ಲೂ ತೋಟಕ್ಕೆ ಸೈಕಲ್ ತುಳಿಯುವವರು ಇದ್ದಾರಲ್ಲ, ಅವರನ್ನೂ ಕೇಳು ಎಂದೆ. ‘ಅವರು ನಮ್ಮ ಸ್ಯಾಂಪಲ್ ಅಲ್ಲ ಮಾವ’ ಅಂದ.

ಇತಿಹಾಸ ಪಾಠ ಮಾಡಿದ ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ಬಟ್ಟೆಯ ಬಗ್ಗೆ ಈ ಜನರನ್ನು ಯಾರಾದರೂ ಎಂದಾದರೂ ಕೇಳಿದ್ದಾರೆಯೇ?

ಕೇಳಿದ್ದಾರೆ, ಬೇರೆ ರೀತಿಯಲ್ಲಿ. 1950ರಲ್ಲಿ ಪಿ.ಸಿ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಆಯ್ದ ಮನೆಗಳ ಜಗಲಿಯಲ್ಲಿ ಕೂತು ಅಕ್ಕಿ ಎಷ್ಟು, ಸೀಮೆಎಣ್ಣೆ ಎಷ್ಟು ಎಂದು ಕೇಳುತ್ತಿದ್ದ ಅದರ ಸಿಬ್ಬಂದಿಯ ಪಟ್ಟಿಯಲ್ಲಿ ಬಟ್ಟೆಗೂ ಜಾಗವಿತ್ತು. ಧೋತಿ ಎಷ್ಟು, ಸೀರೆ ಎಷ್ಟು, ಲುಂಗಿ ಎಷ್ಟು, ಶರ್ಟು ಪೈಜಾಮದ ಬಟ್ಟೆ ಎಷ್ಟು ಮೀಟರ್. ಸೈಕಲ್ಲನ್ನೂ ಬರೆದುಕೊಳ್ಳುತ್ತಿದ್ದರು, ಆದರೆ ಬಾಳಿಕೆ ಬರುವ ವಸ್ತುಗಳು ಎಂಬ ಬೇರೆಯೇ ವಿಭಾಗದಲ್ಲಿ. ಲುಂಗಿ ಒಂದು ಕಡೆ, ಸೈಕಲ್ ಇನ್ನೊಂದು ಕಡೆ. ಲುಂಗಿ ಎತ್ತಿ ಕಟ್ಟಿಕೊಂಡು ಸೈಕಲ್ ಹತ್ತುವ ಮನುಷ್ಯ ಆ ಎರಡು ವಿಭಾಗಗಳ ನಡುವೆ ಎಲ್ಲೋ ಬಿದ್ದುಹೋದ.

1963ರ ಕಾಯ್ದೆಯಿಂದ ಹುಟ್ಟಿದ ಜವಳಿ ಸಮಿತಿಯೂ ಮನೆಗಳ ಬಟ್ಟೆ ಖರೀದಿಯ ಲೆಕ್ಕ ಇಟ್ಟಿತು. ಹತ್ತಿ, ಕೃತಕ ನೂಲು, ಮಿಶ್ರ ನೂಲು, ರೇಷ್ಮೆ, ಉಣ್ಣೆ ಎಂದು ವಿಂಗಡಿಸಿದ ಲೆಕ್ಕ. ಹತ್ತಿ ಇಳಿದು ಪಾಲಿಯೆಸ್ಟರ್ ಏರಿದ ಕಥೆ ಇಂಥ ಕೋಷ್ಟಕಗಳಲ್ಲಿ ಸಿಗುತ್ತದೆ. ಜನ ಯಾಕೆ ಹಾಗೆ ಬದಲಾದರು ಎಂಬುದು ಮೀಟರಿನಲ್ಲಿ ಅಳೆಯುವ ಸಂಗತಿಯಲ್ಲ.

ಪಾಲಿಯೆಸ್ಟರ್ ಮೊದಲು ತಯಾರಾದದ್ದು 1941ರಲ್ಲಿ, ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ತಜ್ಞರ ಕೈಯಲ್ಲಿ. ಅದಕ್ಕೆ ಅಲ್ಲಿ ಇಟ್ಟ ಹೆಸರು ಟೆರಿಲೀನ್. ನಮ್ಮ ಕಡೆ ಅದು ಟೆರಿಲಿನ್ ಆಗಿ, ಹತ್ತಿ ಬೆರೆತ ಮೇಲೆ ಟೆರಿಕಾಟ್ ಆಗಿ ಬಂತು. ಆರಂಭದಲ್ಲಿ ಅದು ಶ್ರೀಮಂತರ ಬಟ್ಟೆ. ಸರ್ಕಾರವೂ ಹಾಗೇ ತಿಳಿದು ಭಾರಿ ತೆರಿಗೆ ಹಾಕಿತ್ತು. 1985ರ ಜವಳಿ ನೀತಿ ಬಂದ ಮೇಲೆ ಆ ಭಾರ ಇಳಿಯತೊಡಗಿತು. ಅಷ್ಟರಲ್ಲಾಗಲೇ ಹಳ್ಳಿಯ ಮದುಮಕ್ಕಳ ಪೆಟ್ಟಿಗೆಯಲ್ಲಿ ಒಂದಾದರೂ ಟೆರಿಕಾಟ್ ಶರ್ಟು ಇರುತ್ತಿತ್ತು.

ನನ್ನ ಅಪ್ಪನದೂ ಒಂದಿತ್ತು. ಬೇಸಿಗೆಯಲ್ಲಿ ಅದನ್ನು ತೊಟ್ಟು ಚನ್ನಗಿರಿಗೆ ಸೈಕಲ್ ತುಳಿದು ಬಂದರೆ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಆದರೂ ಬಿಡಲಿಲ್ಲ. ಕಾರಣ ಸರಳ. ಹತ್ತಿ ತನ್ನ ತೂಕದ ಸುಮಾರು ಶೇಕಡ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇಕಡ ಅರ್ಧದಷ್ಟೂ ಇಲ್ಲ. ರಾತ್ರಿ ಒಗೆದು ಹಗ್ಗದ ಮೇಲೆ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತಿತ್ತು, ಇಸ್ತ್ರಿಯೂ ಬೇಡ. ಇದ್ದದ್ದೇ ಎರಡು ಶರ್ಟು ಎನ್ನುವವನಿಗೆ ಇದು ಶೋಕಿಯಲ್ಲ.

ಈಗ ಅಕ್ಕನ ಮಗನ ಜೆರ್ಸಿಯ ಚೀಟಿ ಓದಿದೆ: ನೂರಕ್ಕೆ ನೂರು ಪಾಲಿಯೆಸ್ಟರ್! ಅಮೆರಿಕದ ಡುಪಾಂಟ್ ಕಂಪನಿ 1986ರಲ್ಲಿ ಕೂಲ್‌ಮ್ಯಾಕ್ಸ್ ಎಂಬ ನೂಲನ್ನು ತಂದಿತು. ಅದೂ ಪಾಲಿಯೆಸ್ಟರೇ. ಎಳೆಯ ಮೈಮೇಲೆ ಉದ್ದಕ್ಕೂ ಕಾಲುವೆಗಳಂಥ ಗೀರುಗಳಿರುವುದರಿಂದ ಬೆವರು ಅದರಗುಂಟ ಹರಿದು ಬಟ್ಟೆಯ ಹೊರಮೈಗೆ ಬಂದು ಆರುತ್ತದೆ. ಎಳೆಯ ಆಕಾರ ಬದಲಾಯಿತು, ಹೆಣಿಗೆ ಬದಲಾಯಿತು, ಬೆಲೆ ಬದಲಾಯಿತು. ವಸ್ತು ಮಾತ್ರ ಅಪ್ಪನ ಬೆನ್ನಿಗೆ ಅಂಟುತ್ತಿದ್ದ ಅದೇ ವಸ್ತು. ‘ಬೇಗ ಒಣಗಬೇಕೇ’ ಎಂಬ ಪ್ರಶ್ನೆಗೆ ನಮ್ಮ ಹಳ್ಳಿಗಳು ನಲವತ್ತು ವರ್ಷ ಹಿಂದೆಯೇ ಐದಕ್ಕೆ ಐದು ಅಂಕ ಕೊಟ್ಟು ಮುಗಿಸಿದ್ದವು.

ಸೈಕಲ್ಲಿಗೆ ತಕ್ಕ ಉಡುಪು ಎಂಬ ಚರ್ಚೆ ಇಂಗ್ಲೆಂಡಿನಲ್ಲಿ ಹಳೆಯದು. 1881ರಲ್ಲಿ ಅಲ್ಲಿ ಉಡುಪು ಸುಧಾರಣೆಯ ಸಂಘವೊಂದು ಹುಟ್ಟಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಲೇಡಿ ಹಾರ್ಬರ್ಟನ್ 1898ರಲ್ಲಿ ಸಡಿಲ ಚಲ್ಲಣ ತೊಟ್ಟು ಸೈಕಲ್ಲಿನಲ್ಲಿ ಸರ್ರೆಯ ಹೋಟೆಲೊಂದಕ್ಕೆ ಹೋದಾಗ ಕಾಫಿ ಕೋಣೆಗೆ ಬಿಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು, ಅಲ್ಲೂ ಸೋಲಾಯಿತು. ಆದರೂ ಯಂತ್ರಕ್ಕಾಗಿ ಬಟ್ಟೆ ಬದಲಾಗುವುದು ಅಲ್ಲಿ ನಿಲ್ಲಲಿಲ್ಲ.

ನಮ್ಮಲ್ಲಿ ಬದಲಾದದ್ದು ಯಂತ್ರ. ಲೇಡೀಸ್ ಸೈಕಲ್ಲಿನ ಅಡ್ಡಪಟ್ಟಿ ಕೆಳಗಿಳಿಯಿತು, ಚೈನಿಗೆ ಪೂರ್ತಿ ಕವಚ ಬಂತು, ಹಿಂದಿನ ಚಕ್ರಕ್ಕೆ ಬಲೆ ಬಂತು. ಮೋಟಾರು ಸೈಕಲ್ಲಿನ ಸೀರೆಗಾರ್ಡಂತೂ ಕಾನೂನೇ ಆಗಿದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಬದಿ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಸೀರೆ ಉಟ್ಟವಳಿಗೆ ಬಟ್ಟೆ ಬದಲಿಸು ಎನ್ನದೆ ಗಾಡಿಯವನಿಗೆ ಚಕ್ರ ಮುಚ್ಚು ಎಂದ ಆ ನಿಯಮದ ಮೇಲೆ ನನಗೆ ವಿಶೇಷ ಪ್ರೀತಿ. ಗಂಡಸರ ಪ್ಯಾಂಟಿಗೆ ಇದ್ದದ್ದು ಒಂದು ಕಬ್ಬಿಣದ ಕ್ಲಿಪ್ಪು, ಅದೂ ಇಲ್ಲದವರಿಗೆ ರಬ್ಬರ್ ಬ್ಯಾಂಡು.

2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ನಮ್ಮ ಹೋಬಳಿಯ ಅಡಿಕೆ ತೋಟಗಳ ನಡುವಿನ ದಾರಿಯಲ್ಲಿ ಹುಡುಗಿಯರ ಸಾಲು ಕಂಡದ್ದು ಆಗಲೇ. ದುಪಟ್ಟಾ ಚಕ್ರಕ್ಕೆ ಸಿಗದಂತೆ ಎದೆಗೆ ಅಡ್ಡಲಾಗಿ ಹಾಯಿಸಿ ಸೊಂಟಕ್ಕೆ ಗಂಟು ಹಾಕುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೈಕಲ್ ಉಡುಪಿನ ಸಮೀಕ್ಷೆ ನಡೆಸಲು ಅದಕ್ಕಿಂತ ಒಳ್ಳೆಯ ಸ್ಯಾಂಪಲ್ ಎಲ್ಲಿತ್ತು?

ಇನ್ನೊಂದು ಕಾಲಮ್ಮು ಈ ಯಾವ ಫಾರಂನಲ್ಲೂ ನನಗೆ ಕಾಣಲಿಲ್ಲ: ನೂಲು ಎಲ್ಲಿಂದ ಬಂತು? ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರದ ತಿರುಳಿನಿಂದ ಕೃತಕ ನೂಲಿನ ಎಳೆ ತಯಾರಾಗುತ್ತಿದೆ. ಹೊನ್ನಾಳಿ ದಾಟಿ ಹೋದ ತುಂಗಭದ್ರೆಯ ನೀರು ಅಲ್ಲಿಂದ ಕೆಳಗೆ ಹೇಗಾಯಿತು ಎಂದು 1980ರ ದಶಕದಲ್ಲಿ ನದಿಪಾತ್ರದ ಹಳ್ಳಿಗಳು ಕೂಗಿ ಹೇಳಿದವು. ತಿರುಳಿಗಾಗಿ ಸಾಮುದಾಯಿಕ ಭೂಮಿಯಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ಕಿತ್ತು, ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ. ಬಟ್ಟೆಯ ಬಗ್ಗೆ ಜನ ಯಾರೂ ಕೇಳದೆಯೇ ಕೊಟ್ಟ ಉತ್ತರ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಕೊನೆಗೆ ನನ್ನ ಒತ್ತಾಯಕ್ಕೆ ಅಕ್ಕನ ಮಗ ಒಂದು ಫಾರಂ ಹಿಡಿದು ಬೀದಿಗೆ ಇಳಿದ. ತೋಟದ ಕೆಲಸಕ್ಕೆ ಹೊರಟಿದ್ದ ಹಿರಿಯರೊಬ್ಬರು ಸೈಕಲ್ಲಿನಿಂದ ಇಳಿದು, ಒಂದು ಕೈಯಲ್ಲಿ ಲುಂಗಿ ಸರಿಮಾಡಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಬೇಗ ಒಣಗಬೇಕು, ಐದು. ಹರಿಯಬಾರದು, ಐದು. ಹಗುರ ಎಂಬುದಕ್ಕೆ ಎರಡೇ ಕೊಟ್ಟರು, ಹಗುರದ್ದು ಬೇಲಿಗೆ ಸಿಕ್ಕಿದರೆ ಹೋಯಿತು ಅಂತ. ವಾರಕ್ಕೆ ಎಷ್ಟು ಸಲ ಸೈಕ್ಲಿಂಗ್‌ಗೆ ಹೋಗುತ್ತೀರಿ ಎಂಬ ಕೊನೆಯ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, ‘ಸೈಕಲ್ಲಿಗೆ ಎಲ್ಲಿ ಹೋಗ್ತೀನಪ್ಪ, ತೋಟಕ್ಕೆ ಹೋಗ್ತೀನಿ’ ಅಂದರು. ಅವನು ಆ ಜಾಗ ಖಾಲಿ ಬಿಟ್ಟ.