ಮತ್ತೆ ಲೆಕ್ಕ ಮಾಡದೆ ತಾಳೆ ನೋಡುವ ವಿದ್ಯೆ

ಉತ್ತರ ಸರಿಯೇ ಎಂದು ತಿಳಿಯಲು ಇಡೀ ಲೆಕ್ಕವನ್ನು ಮತ್ತೆ ಮಾಡಲೇಬೇಕೆ? ಬ್ಲಾಕ್‌ಚೈನ್ ಜಾಲಗಳನ್ನು ಕಾಡಿದ ಪ್ರಶ್ನೆ ಇದೇ. 2015ರಲ್ಲಿ ಆರಂಭವಾದ ಇಥೀರಿಯಮ್ ಜಾಲದಲ್ಲಿ ಪ್ರತಿ ವಹಿವಾಟನ್ನೂ ಸಾವಿರಾರು ಗಣಕಗಳು ತಾವೇ ಲೆಕ್ಕ ಹಾಕಿ ನೋಡಬೇಕಿತ್ತು. ಪರಿಹಾರದ ಬೀಜ ಮಾತ್ರ ಬಹಳ ಹಿಂದೆಯೇ ಬಿದ್ದಿತ್ತು.

1977ರಲ್ಲಿ ಲಾಟ್ವಿಯದ ಗಣಿತಜ್ಞ ರೂಸಿನ್ಸ್ ಫ್ರೈವಾಲ್ಡ್ಸ್ ಒಂದು ಸರಳ ಉಪಾಯ ತೋರಿಸಿದರು. ಕ ಮತ್ತು ಖ ಎಂಬ ಮಾತೃಕೆಗಳ ಗುಣಲಬ್ಧ ಗ ಎಂದು ಯಾರೋ ಹೇಳುತ್ತಾರೆ. ಪ್ರತಿಯೊಂದರಲ್ಲೂ 1000 ಅಡ್ಡಸಾಲು, 1000 ಕಂಬಸಾಲುಗಳಿದ್ದರೆ ಸಾಮಾನ್ಯ ವಿಧಾನಕ್ಕೆ 100 ಕೋಟಿ ಗುಣಾಕಾರಗಳು ಬೇಕು. ಬದಲಿಗೆ 0 ಮತ್ತು 1ಗಳನ್ನು ಯಾದೃಚ್ಛಿಕವಾಗಿ ತುಂಬಿದ ಚ ಎಂಬ ಒಂದೇ ಕಂಬಸಾಲನ್ನು ತೆಗೆದುಕೊಳ್ಳಿ. ಕ × (ಖ × ಚ) ಮತ್ತು ಗ × ಚ ಸಮವೇ ಎಂದು ನೋಡಿ. 30 ಲಕ್ಷ ಗುಣಾಕಾರ ಸಾಕು. ತಪ್ಪು ಉತ್ತರ ಒಮ್ಮೆ ನುಸುಳುವ ಸಂಭವನೀಯತೆ ಹೆಚ್ಚೆಂದರೆ ಅರ್ಧ. 20 ಬಾರಿ ಪರೀಕ್ಷಿಸಿದರೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ.

1985ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್ 'ಶೂನ್ಯಜ್ಞಾನ ಪುರಾವೆ'ಯ ಕಲ್ಪನೆ ಮಂಡಿಸಿದರು. ಹೇಳಿಕೆ ನಿಜವೆಂಬುದರ ಹೊರತು ಪರೀಕ್ಷಕನಿಗೆ ಬೇರೇನೂ ತಿಳಿಯದು. ಇದಕ್ಕೆ ಪ್ರಶ್ನೋತ್ತರ ಅಗತ್ಯವಾಗಿತ್ತು. 1986ರಲ್ಲಿ ಅಮೋಸ್ ಫಿಯಟ್ ಮತ್ತು ಆದಿ ಶಮೀರ್, ಉತ್ತರಿಸುವವನ ಬರಹದಿಂದಲೇ ಹ್ಯಾಶ್ ಕ್ರಿಯೆಯ ಮೂಲಕ ಪ್ರಶ್ನೆಗಳನ್ನು ಪಡೆಯುವ ದಾರಿ ಕಂಡುಕೊಂಡರು. 1992ರಲ್ಲಿ ಜೋ ಕಿಲಿಯನ್ ಪುರಾವೆಯನ್ನು ಬಹಳ ಚಿಕ್ಕದಾಗಿಸಬಹುದೆಂದು ತೋರಿಸಿದರು. 2013ರ 'ಪಿನೋಕಿಯೊ' ವ್ಯವಸ್ಥೆಯಲ್ಲಿ ಲೆಕ್ಕ ಎಷ್ಟೇ ದೊಡ್ಡದಿರಲಿ, ಪುರಾವೆಯ ಗಾತ್ರ 288 ಬೈಟ್ ಮಾತ್ರ! ಲೆಕ್ಕವನ್ನು ಬಹುಪದೋಕ್ತಿಗಳಾಗಿಸಿ, ಗುಪ್ತ ಬಿಂದುವೊಂದರಲ್ಲಿ ತಾಳೆ ನೋಡುವುದು ಇದರ ತಿರುಳು.

ಆ ಬಿಂದು ಬಯಲಾದರೆ ಸುಳ್ಳು ಪುರಾವೆಯೂ ಗೆಲ್ಲುತ್ತದೆ. ಆದ್ದರಿಂದ 2016ರಲ್ಲಿ ಝೀಕ್ಯಾಶ್ ನಾಣ್ಯ ಹೊರಬರುವ ಮುನ್ನ ಆರು ಮಂದಿ ಗುಪ್ತಸಂಖ್ಯೆಯ ಒಂದೊಂದು ಪಾಲನ್ನು ರಚಿಸಿ, ಬಳಸಿ, ನಾಶಮಾಡಿದರು. ಅಪಾಯ ಬಂದದ್ದು ಬೇರೆ ಕಡೆಯಿಂದ. ಆಧಾರವಾಗಿದ್ದ ಸಂಶೋಧನಾ ಪ್ರಬಂಧದಲ್ಲೇ ದೋಷವಿತ್ತು. ಇರಬಾರದ ಕೆಲವು ಅಂಶಗಳು ಬಹಿರಂಗ ಕಡತದಲ್ಲಿ ಸೇರಿದ್ದವು. ಇದರಿಂದ ಖೋಟಾ ನಾಣ್ಯ ಸೃಷ್ಟಿಸಬಹುದಿತ್ತು. ಅದು ಪತ್ತೆಯಾದದ್ದು 2018ರ ಮಾರ್ಚ್‌ನಲ್ಲಿ, ಸರಿಯಾದದ್ದು ಅಕ್ಟೋಬರ್‌ನಲ್ಲಿ, ಜನರಿಗೆ ತಿಳಿದದ್ದು 2019ರ ಫೆಬ್ರವರಿಯಲ್ಲಿ. ದುರ್ಬಳಕೆಯ ಕುರುಹು ಸಿಗಲಿಲ್ಲ. ಆದರೆ ವಿವರಗಳೇ ಮರೆಯಾಗಿರುವಲ್ಲಿ ಕುರುಹು ಸಿಗುವುದೂ ಕಷ್ಟವೇ.

2018ರಲ್ಲಿ ಎಲಿ ಬೆನ್-ಸಾಸನ್ ಮತ್ತು ಸಂಗಡಿಗರು ಗುಪ್ತಸಂಖ್ಯೆ ಬೇಡದ 'ಸ್ಟಾರ್ಕ್' ಪುರಾವೆ ರಚಿಸಿದರು; ಅದರ ಗಾತ್ರ ಮಾತ್ರ ದೊಡ್ಡದು. ಈಗ ಇಥೀರಿಯಮ್‌ನ ಅನೇಕ ವಹಿವಾಟುಗಳನ್ನು ಜಾಲದ ಹೊರಗೆ ಒಟ್ಟಾಗಿ ಲೆಕ್ಕ ಹಾಕಿ, ಪುರಾವೆಯನ್ನಷ್ಟೇ ಜಾಲದಲ್ಲಿ ಪರೀಕ್ಷಿಸುವ ವ್ಯವಸ್ಥೆಗಳಿವೆ.

ಪುರಾವೆ ಲೆಕ್ಕವನ್ನು ಕಾಯುತ್ತದೆ. ಪುರಾವೆಯ ವಿಧಾನವನ್ನು ಕಾಯಬೇಕಾದವರು ಪ್ರಬಂಧವನ್ನು ಮತ್ತೆ ಮತ್ತೆ ಓದುವ ಮನುಷ್ಯರೇ. ವಿದ್ಯಾರ್ಥಿಗಳು ಫ್ರೈವಾಲ್ಡ್ಸ್ ಪರೀಕ್ಷೆಯನ್ನು 2 × 2 ಮಾತೃಕೆಗಳ ಮೇಲೆ ಮಾಡಿನೋಡಲಿ. ಬೇಕೆಂದೇ ಒಂದು ತಪ್ಪು ಇಟ್ಟು, ಅದು ಎಷ್ಟು ಬಾರಿ ನುಸುಳುತ್ತದೆಂದು ಎಣಿಸಲಿ.