ಅರ್ಧ ಸೆಂಟಿನ ಕತ್ತಿವರಸೆ

ಪದಕ್ಕೆ ಅರ್ಧ ಸೆಂಟ್, ಇಡೀ ಕಥೆಗೆ 16 ಡಾಲರ್. 1924ರಲ್ಲಿ ಅಮೆರಿಕದ ‘ವಿಯರ್ಡ್ ಟೇಲ್ಸ್’ ಮಾಸಪತ್ರಿಕೆ ಟೆಕ್ಸಾಸಿನ ಹದಿನೆಂಟರ ಹುಡುಗನೊಬ್ಬನಿಗೆ ಒಪ್ಪಿಕೊಂಡ ಸಂಭಾವನೆ ಇದು. ಒಪ್ಪಿಕೊಂಡ ಮಾತ್ರಕ್ಕೆ ದುಡ್ಡು ಬರುತ್ತಿರಲಿಲ್ಲ, ಕಥೆ ಅಚ್ಚಾಗುವವರೆಗೂ ಕಾಯಬೇಕಿತ್ತು. ಅದು ಅಚ್ಚಾದದ್ದು 1925ರ ಜುಲೈ ಸಂಚಿಕೆಯಲ್ಲಿ. ಹುಡುಗನ ಹೆಸರು ರಾಬರ್ಟ್ ಇ. ಹೊವಾರ್ಡ್. ಮುಂದೆ ‘ಸ್ವೋರ್ಡ್ ಅಂಡ್ ಸಾರ್ಸರಿ’ ಎಂದು ಹೆಸರಾದ, ಕತ್ತಿ ಮತ್ತು ಮಾಟ ಮುಖಾಮುಖಿಯಾಗುವ ಕಥಾಪ್ರಕಾರಕ್ಕೆ ಅಡಿಪಾಯ ಹಾಕಿದವನು ಇವನೇ.

ನಾನು ಬಹುಕಾಲ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು. ಕಥೆ ಅಚ್ಚಾದ ಮೇಲೆ ಲೇಖಕರಿಗೆ ಹೋಗುತ್ತಿದ್ದ ಮನಿಯಾರ್ಡರಿನ ಮೊತ್ತ ಎಷ್ಟೆಂದು ಬಲ್ಲೆ. ಪುಟ ಸಾಲದೆ ಬಂದಾಗ ಕಥೆಯಲ್ಲಿ ಮೊದಲು ಕತ್ತರಿ ಬೀಳುವುದು ವರ್ಣನೆಗೆ ಎಂಬುದನ್ನೂ ಬಲ್ಲೆ. ಹಾಗಾಗಿ ಹೊವಾರ್ಡನ ಕಥೆಗಳನ್ನು ಓದುವಾಗಲೆಲ್ಲ ಅವುಗಳ ಹಿಂದಿನ ಕಸುಬು ನನಗೆ ಎದ್ದು ಕಾಣುತ್ತದೆ. ದಿನದ ಅನ್ನಕ್ಕಾಗಿ ಬರೆದವರು ದಿನದ ಅನ್ನಕ್ಕಾಗಿ ಕತ್ತಿ ಹಿಡಿದವರ ಕಥೆ ಬರೆದರು. ಈ ಪ್ರಕಾರದ ಸೆಳೆತದ ಮೂಲ ಅಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಆ ಕಾಲದ ಅಗ್ಗದ ಕಥಾಪತ್ರಿಕೆಗಳನ್ನು ಮರದ ತಿರುಳಿನ ಒರಟು ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. ‘ಪಲ್ಪ್’ ಎಂಬ ಹೆಸರು ಬಂದದ್ದು ಅದರಿಂದಲೇ. 1923ರಲ್ಲಿ ಶಿಕಾಗೋದಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಭೂತಪ್ರೇತ, ವಿಚಿತ್ರ ಘಟನೆಗಳಿಗೇ ಮೀಸಲಾದ ಪತ್ರಿಕೆ. ಬೆಲೆ 25 ಸೆಂಟ್. 1924ರಿಂದ 1940ರವರೆಗೆ ಫಾರ್ನ್ಸ್‌ವರ್ತ್ ರೈಟ್ ಅದರ ಸಂಪಾದಕ. ಪತ್ರಿಕೆಯ ಕೈಯಲ್ಲಿ ದುಡ್ಡು ಯಾವಾಗಲೂ ಬಿಗಿ. ಅಂಗಡಿಯ ಮುಂದೆ ನಿಂತು ಪುಟ ತಿರುವುವ ಗಿರಾಕಿಯನ್ನು ಮೊದಲ ಪುಟದಲ್ಲೇ ಹಿಡಿದು ನಿಲ್ಲಿಸಬೇಕು, ಇಲ್ಲವಾದರೆ ಅವನು ಪಕ್ಕದ ಪತ್ರಿಕೆ ಕೊಳ್ಳುತ್ತಾನೆ. ಪೀಠಿಕೆಗೆ ಅಲ್ಲಿ ಜಾಗವೇ ಇರಲಿಲ್ಲ.

ಹೊವಾರ್ಡನ ಮನೆತನ 1919ರಲ್ಲಿ ಬಂದು ನೆಲೆಸಿದ್ದು ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ. ತಂದೆ ಹಳ್ಳಿ ಡಾಕ್ಟರು, ತಾಯಿ ಕ್ಷಯರೋಗಿ. ಸುತ್ತಮುತ್ತ ಎಣ್ಣೆ ಸಿಕ್ಕಿದಾಗ ಊರಿಗೆ ಜನ ನುಗ್ಗಿ ಬಂದರು. ಜೂಜು, ಜಗಳ, ದಿಢೀರ್ ಸಿರಿವಂತಿಕೆ ಎಲ್ಲ ಜೊತೆಗೇ ಬಂದವು. ಎಣ್ಣೆಯ ಭರಾಟೆ ಇಳಿದಾಗ ಬಂದವರು ಹೊರಟೂ ಹೋದರು. ನಾಗರಿಕತೆಯೆಂಬುದು ತೆಳು ಪೊರೆ, ಅದರಡಿಯಲ್ಲಿ ಕಾಡುತನ ಸದಾ ಕಾದಿರುತ್ತದೆ ಎಂಬ ವಾದವನ್ನು ಹೊವಾರ್ಡ್ ಸಮಕಾಲೀನ ಲೇಖಕ ಲವ್‌ಕ್ರಾಫ್ಟ್ ಜೊತೆ 1930ರಿಂದ ಸಾಯುವವರೆಗೂ ಪತ್ರಗಳಲ್ಲಿ ನಡೆಸಿದ. ಅದನ್ನು ಅವನು ಪುಸ್ತಕದಿಂದಷ್ಟೇ ಕಲಿತಿರಲಿಲ್ಲ, ತನ್ನೂರಿನ ಬೀದಿಯಲ್ಲೇ ಕಂಡಿದ್ದ.

‘ವಿಯರ್ಡ್ ಟೇಲ್ಸ್’ನ 1929ರ ಆಗಸ್ಟ್ ಸಂಚಿಕೆಯಲ್ಲಿ ಅವನ ರಾಜ ಕಲ್ ಕಾಣಿಸಿಕೊಂಡ. ಮನುಷ್ಯರ ಮುಖ ತೊಟ್ಟ ಹಾವುಗಳು ಅರಮನೆಯೊಳಗೆ ಸುಳಿದಾಡುವ ಆ ಕಥೆಯನ್ನು ಈ ಪ್ರಕಾರದ ಮೊದಲ ಕಥೆಯೆಂದು ಹಲವರು ಎಣಿಸುತ್ತಾರೆ. ಕಲ್‌ನ ಇನ್ನೊಂದು ಕಥೆ ಎಲ್ಲೂ ಮಾರಾಟವಾಗದೆ ಉಳಿದಿತ್ತು. ಕಸುಬುದಾರನಿಗೆ ಬರೆದ ಹಾಳೆ ವ್ಯರ್ಥವಾಗುವುದು ಸಹಿಸದು. ಹೊವಾರ್ಡ್ ಅದನ್ನೇ ತಿದ್ದಿ, ಮಾಟ ಬೆರೆಸಿ, ನಾಯಕನನ್ನು ಬದಲಿಸಿದ. 1932ರ ಡಿಸೆಂಬರಿನಲ್ಲಿ ಅದು ಅಚ್ಚಾದಾಗ ಲೋಕಕ್ಕೆ ಕೋನನ್ ಸಿಕ್ಕಿದ.

ಕೋನನ್ ಕಥೆಗಳಲ್ಲಿ ನನ್ನ ಮೆಚ್ಚಿನದು 1933ರ ಮಾರ್ಚಿನಲ್ಲಿ ಬಂದ ‘ದಿ ಟವರ್ ಆಫ್ ದಿ ಎಲಿಫೆಂಟ್’. ಕೋನನ್ ಇಲ್ಲಿ ಇನ್ನೂ ಹುಡುಗ, ಕಳ್ಳರ ಕೇರಿಗೆ ಹೊಸಬ. ಮಾಂತ್ರಿಕ ಯಾರಾನ ಗೋಪುರದಲ್ಲಿ ಬೆಲೆಕಟ್ಟಲಾಗದ ರತ್ನವಿದೆ ಎಂಬ ಮಾತು ಹೆಂಡದಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ಅಂದಿನ ರಾತ್ರಿಯೇ ಕದಿಯಲು ಹೊರಡುತ್ತಾನೆ. ತೋಟದ ಸಿಂಹಗಳನ್ನು, ಮೇಲಿನ ಕೋಣೆಯ ಹಂದಿಗಾತ್ರದ ಜೇಡವನ್ನು ದಾಟಿ ಒಳಹೊಕ್ಕರೆ ಅಲ್ಲೊಂದು ಹಸಿರು ಮೈಯ, ಆನೆ ತಲೆಯ ಜೀವ. ಮೊದಲು ಅದು ವಿಗ್ರಹವೆಂದುಕೊಂಡವನು, ಜೀವಂತವೆಂದು ತಿಳಿದು ಬೆಚ್ಚುತ್ತಾನೆ. ಆಮೇಲೆ ನೋಡಿದರೆ ಅದರ ಕಣ್ಣು ಕುರುಡು, ಕೈಕಾಲು ಚಿತ್ರಹಿಂಸೆಯಲ್ಲಿ ಮುರಿದಿವೆ. ಬೇರೊಂದು ಗ್ರಹದಿಂದ ಬಂದ ಆ ಜೀವವನ್ನು ಯಾರಾ ನೂರಾರು ವರ್ಷದಿಂದ ಸೆರೆಯಲ್ಲಿಟ್ಟು, ಹಿಂಸಿಸಿ, ಅದರ ವಿದ್ಯೆಯನ್ನೆಲ್ಲ ಹಿಂಡಿಕೊಂಡಿದ್ದಾನೆ. ಕಳ್ಳ ಹುಡುಗನ ಎದೆಯಲ್ಲಿ ಭಯ ಕರಗಿ, ಇಡೀ ಮನುಷ್ಯಕುಲದ ತಪ್ಪು ತನ್ನದೇ ಎಂಬಂತೆ ನಾಚಿಕೆ ತುಂಬುತ್ತದೆ. ಆ ಜೀವ ಬೇಡಿದಂತೆ ಅದಕ್ಕೆ ಬಿಡುಗಡೆ ಕೊಟ್ಟು, ಅದು ಹೇಳಿಕೊಟ್ಟಂತೆ ಮಾಂತ್ರಿಕನ ಮೇಲೆ ಸೇಡು ತೀರಿಸುತ್ತಾನೆ. ಗೋಪುರ ಕುಸಿಯುತ್ತದೆ, ರತ್ನ ಸಿಗುವುದಿಲ್ಲ. ಬರಿಗೈಯಲ್ಲಿ ಬಂದವನು ಬರಿಗೈಯಲ್ಲೇ ಹೊರಡುತ್ತಾನೆ. ಗಣಪತಿಯನ್ನು ಪೂಜಿಸುವ ಮನೆಯಲ್ಲಿ ಬೆಳೆದ ನನಗೆ ಆನೆ ತಲೆಯ ಆ ಕುರುಡು ಬಂದಿಯ ಪುಟಗಳು ಇಂದಿಗೂ ಕರುಳು ಹಿಂಡುತ್ತವೆ.

‘ಚಂದಮಾಮ’ದ ಧಾರಾವಾಹಿಗಳಲ್ಲಿ ಮಾಂತ್ರಿಕರನ್ನೂ ಗುಹೆಗಳನ್ನೂ ಕಂಡು ಬೆಳೆದವರಿಗೆ ಈ ಲೋಕ ಪರಕೀಯವೇನಲ್ಲ. ವ್ಯತ್ಯಾಸವಿರುವುದು ನಾಯಕನಲ್ಲಿ. ಕೋನನ್‌ಗೆ ಅರ್ಧ ರಾಜ್ಯ ಕೊಟ್ಟು ಮಗಳನ್ನು ಧಾರೆಯೆರೆಯುವ ಅರಸನಿಲ್ಲ, ಲೋಕವನ್ನು ಉಳಿಸುವ ಹೊಣೆಯೂ ಇಲ್ಲ. ಮುಂದೊಮ್ಮೆ ರಾಜನಾದರೂ ಕಿರೀಟವನ್ನು ತನ್ನ ತೋಳ್ಬಲದಿಂದಲೇ ಕಸಿದುಕೊಳ್ಳಬೇಕು. ಇಂದು ರಾತ್ರಿ ಜೀವ ಉಳಿದರೆ ನಾಳೆಯ ಊಟದ ಚಿಂತೆ. ದೊಡ್ಡ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳು ಮುಳುಗಿ ಕೂಡಿಟ್ಟದ್ದು ಹೋದವರಿಗೆ, ಕೆಲಸ ಕಳೆದುಕೊಂಡವರಿಗೆ ಅಂಥ ನಾಯಕ ಹತ್ತಿರದವನಾಗಿ ಕಂಡಿರಬೇಕು. ಮಾಟವೂ ಇಲ್ಲಿ ವರವಲ್ಲ, ಅಧಿಕಾರದಲ್ಲಿ ಕೊಬ್ಬಿದವರ ಆಯುಧ. ಅದನ್ನು ಎದುರಿಸುವವನ ಬಳಿ ಇರುವುದು ಒಂದು ಕತ್ತಿ ಮತ್ತು ಮೊಂಡು ಧೈರ್ಯ.

ಹೊವಾರ್ಡ್ ಒಬ್ಬನೇ ಇರಲಿಲ್ಲ. ಇಂಡಿಯಾನಾಪೊಲಿಸಿನ ಬ್ಯಾಂಕ್ ನೌಕರೆ ಕ್ಯಾಥರೀನ್ ಮೂರ್, ಬರವಣಿಗೆಯ ಸಂಗತಿ ಬ್ಯಾಂಕಿಗೆ ತಿಳಿಯಬಾರದೆಂದು ಸಿ. ಎಲ್. ಮೂರ್ ಎಂಬ ಹೆಸರಿನಲ್ಲಿ ಬರೆದಳು. 1934ರ ಅಕ್ಟೋಬರಿನಲ್ಲಿ ಬಂದ ಅವಳ ಜಿರೆಲ್, ಕೋಟೆಯನ್ನಾಳುವ ಕೆಂಗೂದಲ ಹೆಣ್ಣು, ಕತ್ತಿ ಹಿಡಿದು ತಾನೇ ನರಕಕ್ಕಿಳಿಯುತ್ತಾಳೆ. 1939ರಲ್ಲಿ ಫ್ರಿಟ್ಜ್ ಲೈಬರ್ ಇಬ್ಬರು ಕಳ್ಳ ಗೆಳೆಯರನ್ನು ತಂದ. 1961ರಲ್ಲಿ ಈ ಪ್ರಕಾರಕ್ಕೆ ಹೆಸರು ಸೂಚಿಸಿದವನೂ ಅವನೇ.

ಒಂದು ಮಾತನ್ನು ಹೇಳದೆ ಬಿಡಲಾಗದು. ಹೊವಾರ್ಡನ ಕಥೆಗಳಲ್ಲಿ ಕಪ್ಪು ಜನರ ಬಗೆಗಿನ ತಿರಸ್ಕಾರ ಢಾಳಾಗಿದೆ, ಅದನ್ನು ಕಾಲದೋಷವೆಂದು ಮುಚ್ಚಿಹಾಕುವುದು ಸಲ್ಲ. ಅದಕ್ಕೆ ತಕ್ಕ ಉತ್ತರ ಈ ಪ್ರಕಾರದೊಳಗಿನಿಂದಲೇ ಬಂತು. ಕರಿಯ ಲೇಖಕ ಚಾರ್ಲ್ಸ್ ಸಾಂಡರ್ಸ್ ಆಫ್ರಿಕಾದ ನೆಲವನ್ನೇ ನೆನಪಿಸುವ ಲೋಕ ಕಟ್ಟಿ, 1981ರಲ್ಲಿ ‘ಇಮಾರೋ’ ಕಾದಂಬರಿ ಹೊರತಂದ.

1935ರ ಮೇ ತಿಂಗಳಲ್ಲಿ ಹೊವಾರ್ಡ್ ಸಂಪಾದಕ ರೈಟ್‌ಗೆ ಪತ್ರ ಬರೆದು ಬಾಕಿ ದುಡ್ಡಿಗಾಗಿ ಅಂಗಲಾಚಿದ. ಪತ್ರಿಕೆಯಿಂದ 800 ಡಾಲರಿಗೂ ಮಿಕ್ಕಿ ಬರಬೇಕಿತ್ತು, ತಾಯಿಯ ಔಷಧೋಪಚಾರದ ಖರ್ಚು ಏರುತ್ತಿತ್ತು. 1936ರ ಜೂನ್ 11ರಂದು, ತಾಯಿಗೆ ಇನ್ನು ಪ್ರಜ್ಞೆ ಮರಳದೆಂದು ತಿಳಿದ ಬೆಳಿಗ್ಗೆ, ಅವನು ಆತ್ಮಹತ್ಯೆ ಮಾಡಿಕೊಂಡ. ವಯಸ್ಸು ಮೂವತ್ತು. ನಿಜವಾದ ದುಡ್ಡು ಹರಿದದ್ದು ಆಮೇಲೆ. 1966ರಿಂದ ಫ್ರ್ಯಾಂಕ್ ಫ್ರಜೆಟ್ಟಾನ ಮುಖಪುಟ ಹೊತ್ತ ಕೋನನ್ ಕಥೆಗಳ ಅಗ್ಗದ ಆವೃತ್ತಿಗಳು, 1970ರಲ್ಲಿ ಮಾರ್ವೆಲ್ ಕಾಮಿಕ್ಸ್, 1982ರಲ್ಲಿ ಶ್ವಾರ್ಜ್‌ನೆಗರ್ ಸಿನಿಮಾ. ನಂತರದವರು ಅವನ ಕಥೆಗಳನ್ನು ತಿದ್ದಿದರು, ಅರೆಬರೆಯನ್ನು ಮುಗಿಸಿದರು, ಹೊಸದನ್ನು ಸೇರಿಸಿದರು. ಮೂಲ ಪಾಠ ಒಟ್ಟಾಗಿ ಸಾಮಾನ್ಯ ಓದುಗರ ಕೈಗೆ ಬಂದದ್ದು 2003ರಿಂದೀಚೆಗೆ.

ಇಂದು ಮಾಯಾಲೋಕದ ಕಾದಂಬರಿಗಳು ಸಂಪುಟದ ಮೇಲೆ ಸಂಪುಟವಾಗಿ ಬೆಳೆಯುತ್ತಿವೆ, ಪ್ರತಿಯೊಂದರಲ್ಲೂ ಜಗತ್ತು ಅಪಾಯದಲ್ಲಿದೆ. ಆ ದಾರಿ ಹಿಡಿಯಬಯಸುವ ಕನ್ನಡದ ಹೊಸ ಬರಹಗಾರರು ಮೊದಲು ಈ ಪಲ್ಪ್ ಕಸುಬುದಾರರ ಸಣ್ಣಕಥೆಗಳನ್ನು ಓದಲಿ ಎಂಬುದು ನನ್ನ ಕೋರಿಕೆ. ಒಂದು ರಾತ್ರಿ, ಒಂದು ಗೋಪುರ, ಹಸಿದ ಒಬ್ಬ ಮನುಷ್ಯ: ಅವನ ಹಸಿವು ನಿಜವಾಗಿದ್ದರೆ ಎದುರಿನ ಮಾಯೆಯನ್ನೂ ಓದುಗರು ನಂಬುತ್ತಾರೆ.